ನಾಲ್ಕು ಕಳೆ

ಜುಲೈ 9, ಶನಿವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಅಕ್ಕ ಏಣಿಯ ಆರನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಎಡಗೈ ರಿಂಗಿನ ಅಂಚಿನ ಮೇಲಿತ್ತು, ಬಲಗೈಯಲ್ಲಿ ಉಕ್ಕಿನ ಟೇಪು. ಕೆಳಗೆ ಅವಳ ತಮ್ಮ ಮಂಡಿಯೂರಿ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ಹಲಗೆಯ ಹಿಂದೆ ಇನ್ನೊಂದು ಏಣಿಯ ಮೇಲೆ ಕಾಲೇಜಿನ ಫಿಟ್ಟರ್ ಸ್ಪ್ಯಾನರ್ ಹಿಡಿದು, ಬಿಸಿಲು ಏರುವುದರೊಳಗೆ ಮುಗಿದರೆ ಸಾಕಪ್ಪ ಎಂಬ ಮುಖ ಮಾಡಿಕೊಂಡು ಕಾಯುತ್ತಿದ್ದ. ರಜೆಯಲ್ಲಿ ಕಂಬ, ಹಲಗೆ, ರಿಂಗು ಎಲ್ಲ ಬಿಚ್ಚಿ ಬಣ್ಣ ಹೊಡೆಸಿದ್ದರು. ಈಗ ಮತ್ತೆ ಅದೇ ಎತ್ತರಕ್ಕೆ ಕೂರಿಸಬೇಕಿತ್ತು.

"ಇನ್ನೊಂಚೂರು ಇಳಿಸಿ... ಇನ್ನೊಂಚೂರು... ನಿಲ್ಲಿ! ಮುನ್ನೂರ ಐದು," ಎಂದಳು ಅಕ್ಕ. "ಬಿಗಿ ಮಾಡಿ."

ಫಿಟ್ಟರ್ ಬಿಗಿ ಮಾಡಲಿಲ್ಲ. ಹಲಗೆಯ ಹಿಂದಿನಿಂದ ತಲೆ ಹೊರಗೆ ಹಾಕಿದ. "ಮೇಡಂ, ಹಳೇ ಗುರುತಿಗಿಂತ ಕೆಳಗೆ ಬಂತಲ್ಲ? ಇಲ್ಲಿ ಬಣ್ಣದ ಅಡಿ ಇನ್ನೂ ಕಾಣ್ತದೆ ನೋಡಿ."

"ಹಳೇ ಗುರುತು ಯಾರು ಹಾಕಿದ್ದೋ, ಯಾವ ಕಾಲದ್ದೋ. ಅಳತೆ ಅಂದ್ರೆ ಅಳತೆ."

"ಅಕ್ಕ ಅಳೆದ ಮೇಲೆ ಆಯ್ತು ಬಿಡಿ," ಎಂದು ಕೆಳಗಿನಿಂದ ತಮ್ಮ ನಕ್ಕ. "ಮನೇಲಿ ಚಹಾದ ನೀರನ್ನೂ ಅಳೆದೇ ಇಡೋಳು."

ಫಿಟ್ಟರ್ ಬೋಲ್ಟು ತಿರುಗಿಸಿದ. ಆಚೆ ಕಡೆಯ ರಿಂಗನ್ನೂ ಹಾಗೆಯೇ ಕೂರಿಸಿದರು. ಹಳೆಯ ಗುರುತು ಕಣ್ಣಿಗೆ ಚುಚ್ಚುತ್ತದೆಂದು ಅವನು ಅದರ ಮೇಲೂ ಒಂದು ಕೈ ಬಣ್ಣ ಎಳೆದ. ಲೀಗ್ ಸಮಿತಿಗೆ ಕಳಿಸುವ ಫಾರಂನಲ್ಲಿ 'ನೆಲದಿಂದ ರಿಂಗಿನ ಮೇಲಂಚಿಗೆ: 305 ಸೆಂ.ಮೀ.' ಎಂದು ಬರೆದು, 'ಅಳೆದವರು' ಎಂಬಲ್ಲಿ ಅಕ್ಕ ತನ್ನ ಪುಟ್ಟ, ನೇರವಾದ ಸಹಿ ಹಾಕಿದಳು.

ಅಕ್ಕ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಬೋಧಕಿ. ಹದಿನೆಂಟು ವರ್ಷದಿಂದ ಅದೇ ಮೇಜು, ಅದೇ ಲೋಲಕಗಳು, ಅದೇ ನೀಲಿ ರೆಕಾರ್ಡ್ ಪುಸ್ತಕಗಳು. ವಿದ್ಯಾರ್ಥಿಗಳು ಅವಳ ಕೆಂಪು ಶಾಯಿಗೆ ಹೆದರುತ್ತಿದ್ದರು. ಉತ್ತರ ತಪ್ಪಾದರೆ ಅವಳಿಗೆ ಬೇಸರವಿರಲಿಲ್ಲ. ಉಪಕರಣದಲ್ಲಿರುವ ದೋಷವನ್ನು ನೋಡದೆ ಉತ್ತರ ಬರೆದರೆ ಮಾತ್ರ ಎಳ್ಳಷ್ಟೂ ಸಹಿಸುತ್ತಿರಲಿಲ್ಲ. ಮೊದಲ ದಿನವೇ ಕಿವಿ ಹಿಂಡಿದಂತೆ ಹೇಳುತ್ತಿದ್ದಳು: "ಅಳೆಯೋ ಮುಂಚೆ ಅಳತೆಗೋಲನ್ನ ಅನುಮಾನದಿಂದ ನೋಡಿ. ಸೊನ್ನೆ ನಿಜವಾಗಿ ಸೊನ್ನೇಲಿ ಇದೆಯಾ? ಇಲ್ಲದಿದ್ರೆ ಅದಕ್ಕೆ ಶೂನ್ಯ ದೋಷ ಅಂತಾರೆ. ಅದನ್ನ ಕಳೀದೆ ನನ್ನ ಹತ್ರ ಬರಬೇಡಿ."

ತಮ್ಮ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಮೂರು ಊರುಗಳಲ್ಲಿ ಮೂರು ಕೆಲಸ ಬಿಟ್ಟು, ಈ ವರ್ಷ ಇದೇ ಕಾಲೇಜಿನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗಿ ಬಂದಿದ್ದ. ಒಂದು ವರ್ಷದ ಪರೀಕ್ಷಾರ್ಥ ನೇಮಕ. ಪ್ರಿನ್ಸಿಪಾಲರು, ಅವರು ಸಸ್ಯಶಾಸ್ತ್ರದವರು, ಮೊದಲೇ ಮಾತು ಬಿಗಿ ಮಾಡಿದ್ದರು: ಏಳು ಕಾಲೇಜುಗಳ ಲೀಗಿನಲ್ಲಿ ತಂಡ ಮೊದಲ ನಾಲ್ಕರೊಳಗೆ ಬಂದರೆ ಕೆಲಸ ಕಾಯಂ. ಬಾರದಿದ್ದರೆ ಮಾತು ಬೇರೆ. ಅಮ್ಮ ಅದನ್ನು ಕೇಳಿದ ದಿನದಿಂದ ಲೀಗ್ ಪಟ್ಟಿಯನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡಿದ್ದಳು. ಆಟದ ಗಂಧಗಾಳಿ ಇಲ್ಲದಿದ್ದರೂ ಯಾರು ಯಾರನ್ನು ಸೋಲಿಸಿದರೆ ತನ್ನ ಮಗನಿಗೆ ಒಳ್ಳೆಯದು ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಸ್ಕೋರ್ ಬರೆಯುವ ಮೇಜಿಗೆ ಅಕ್ಕನೇ ಕೂತಳು. ಕಾಲೇಜಿನ ಅಧಿಕೃತ ಪುಸ್ತಕದ ಪಕ್ಕದಲ್ಲಿ ತನ್ನದೇ ಒಂದು ಗ್ರಾಫ್ ಪುಸ್ತಕ ಇಟ್ಟುಕೊಂಡಳು. ಪ್ರತಿ ಪಂದ್ಯಕ್ಕೂ ಒಂದು ಹಾಳೆ, ಹಾಳೆಯ ತುಂಬ ಸಣ್ಣ ಸಣ್ಣ ವೃತ್ತ. ಒಂದೊಂದು ವೃತ್ತವೂ ರಿಂಗು. ಚೆಂಡು ತಪ್ಪಿದಾಗಲೆಲ್ಲ ಅದು ರಿಂಗಿನ ಯಾವ ಭಾಗಕ್ಕೆ ತಾಗಿತೋ ಅಲ್ಲೊಂದು ಚುಕ್ಕೆ. ನಮ್ಮವರದು ನೀಲಿ, ಎದುರಾಳಿಗಳದು ಕಪ್ಪು.

"ಬಿದ್ದದ್ದನ್ನ ಎಲ್ಲರೂ ಬರೀತಾರೆ. ತಪ್ಪಿದ್ದನ್ನ ಬರಿಯೋಳು ನೀನೊಬ್ಳೇ," ಎಂದು ತಮ್ಮ ಛೇಡಿಸುತ್ತಿದ್ದ.

"ಬಿದ್ದದ್ದರಿಂದ ಏನ್ ಗೊತ್ತಾಗುತ್ತೆ? ತಪ್ಪಿದ್ದು ಮಾತಾಡುತ್ತೆ ಕಣೋ."

ತಂಡ ಕೆಟ್ಟದ್ದಾಗಿರಲಿಲ್ಲ. ಎಲ್ಲರಿಗಿಂತ ಎತ್ತರದ ಹುಡುಗನನ್ನು ಜಿರಾಫೆ ಎನ್ನುತ್ತಿದ್ದರು. ಹೋದ ವರ್ಷದವರೆಗೆ ನೆಗೆದು ರಿಂಗನ್ನು ಬೆರಳ ತುದಿಯಿಂದ ಸವರುತ್ತಿದ್ದವನು ಈ ವರ್ಷ ಅಂಗೈಯಿಂದ ಹಿಡಿದು ಜೋಲಾಡತೊಡಗಿದ. "ನಾನು ಇನ್ನೂ ಬೆಳೀತಿದ್ದೀನಿ ಕಣ್ರೋ," ಎಂದು ಎಲ್ಲರಿಗೂ ಸಾರಿದ. ಅವನ ತಾಯಿ ಹೊಸ ಪ್ಯಾಂಟು ಹೊಲಿಸಲೂ ಹೊರಟಿದ್ದಳಂತೆ. ದರ್ಜಿ ಅಳೆದು ನೋಡಿ, "ಅದೇ ಅಳತೆ ಅಮ್ಮಾ, ಒಂದು ನೂಲೂ ಹೆಚ್ಚಿಲ್ಲ," ಎಂದು ವಾಪಸು ಕಳಿಸಿದ್ದ. ಇದನ್ನು ಕೇಳಿ ತಂಡವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಕ್ಕನೂ ನಕ್ಕಿದ್ದಳು.

ತಂಡದ ನಿಜವಾದ ಆಸ್ತಿ ಸೂಜಿ. ಭೌತಶಾಸ್ತ್ರದ ಎರಡನೇ ವರ್ಷದ ಹುಡುಗ, ಕಡ್ಡಿಯಂಥ ಮೈ, ಮಾತು ಕಡಿಮೆ. ಚೆಂಡನ್ನು ದಾರದಂತೆ ರಿಂಗಿನೊಳಗೆ ಪೋಣಿಸುತ್ತಾನೆಂದು ಆ ಹೆಸರು. ಫ್ರೀ ಥ್ರೋ ಎಂದರೆ, ಎದುರಾಳಿ ತಪ್ಪು ಮಾಡಿದಾಗ ಗೆರೆಯ ಹಿಂದೆ ನಿಂತು ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಚೆಂಡು. ಮನೆಯ ಅಂಗಳದಲ್ಲಿ, ಎಂದರೆ ಕಾಲೇಜಿನ ಸ್ವಂತ ಅಂಗಳದಲ್ಲಿ, ಸೂಜಿ ಹತ್ತಕ್ಕೆ ಒಂಬತ್ತು ಹಾಕುತ್ತಿದ್ದ.

ಲೀಗ್ ಶುರುವಾಯಿತು. ಪ್ರತಿ ಎದುರಾಳಿಯೊಡನೆ ಮನೆಯಲ್ಲೊಂದು, ಹೊರಗೊಂದು ಪಂದ್ಯ. ಮನೆಯ ಮೊದಲ ಪಂದ್ಯ ಹದಿನಾಲ್ಕು ಅಂಕಗಳಿಂದ ಗೆದ್ದರು. ಹೊರಗಿನ ಮೊದಲ ಪಂದ್ಯ ಆರರಿಂದ ಸೋತರು. ಮನೆಯ ಎರಡನೆಯದು ಗೆದ್ದರು, ಹೊರಗಿನ ಎರಡನೆಯದು ಸೋತರು. ಮೂರನೆಯದೂ ಹಾಗೆಯೇ ಆದಾಗ ಬೇರೆ ಕಾಲೇಜಿನವರು 'ಮನೆ ಹುಲಿಗಳು' ಎಂದು ಹೆಸರಿಟ್ಟರು. ಹೊರಗೆ ಹೋದಲ್ಲೆಲ್ಲ ಬಸ್ಸಿನಿಂದ ಇಳಿಯುವಾಗಲೇ ಯಾರೋ ಬೆಕ್ಕಿನ ಹಾಗೆ ಮಿಯಾವ್ ಎನ್ನುತ್ತಿದ್ದರು.

ತಮ್ಮನಿಗೆ ಕಾರಣ ಸ್ಪಷ್ಟವಿತ್ತು. "ಹೆದರಿಕೆ ಅಕ್ಕ. ಬರೀ ಹೆದರಿಕೆ. ಇಲ್ಲಿ ಹಾಕೋ ಕೈ ಅಲ್ಲೇನು ಬದಲಾಗುತ್ತಾ? ಎದೆಯಲ್ಲಿ ದಮ್ಮಿಲ್ಲ."

ದಮ್ಮು ತುಂಬಲು ಅವನು ಮಾಡದ ಉಪಾಯವಿಲ್ಲ. ಅಭ್ಯಾಸದ ಹೊತ್ತಿಗೆ ಧ್ವನಿವರ್ಧಕದಲ್ಲಿ ಜನರ ಗದ್ದಲ ಹಾಕಿದ. ಹುಡುಗರ ಕಿವಿಯ ಪಕ್ಕ ತಾನೇ ನಿಂತು ಬೈದ. ಬೆಳಿಗ್ಗೆ ನೂರು, ಸಂಜೆ ನೂರು ಫ್ರೀ ಥ್ರೋ ಹಾಕಿಸಿದ. ಹುಡುಗರು ಒಂದು ದಿನವೂ ತಪ್ಪಿಸಲಿಲ್ಲ. ಮನೆಯಲ್ಲಿ ಇನ್ನಷ್ಟು ಚೆನ್ನಾಗಿ ಗೆದ್ದರು, ಹೊರಗೆ ಇನ್ನಷ್ಟು ಕೆಟ್ಟದಾಗಿ ಸೋತರು.

ಹತ್ತು ಪಂದ್ಯಗಳು ಮುಗಿದಾಗ ಮನೆಯಲ್ಲಿ ಐದಕ್ಕೆ ಐದು ಗೆಲುವು, ಹೊರಗೆ ಐದಕ್ಕೆ ಐದು ಸೋಲು. ಹತ್ತನೆಯ ಪಂದ್ಯದಲ್ಲಿ ಸೂಜಿ ಎಂಟು ಫ್ರೀ ಥ್ರೋಗಳಲ್ಲಿ ಎರಡೇ ಹಾಕಿದ. ವಾಪಸು ಬರುವ ಬಸ್ಸಿನಲ್ಲಿ ತಮ್ಮ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ: "ಪುಕ್ಕಲರನ್ನ ಇಟ್ಕೊಂಡು ಯಾವ ಕೋಚೂ ಏನೂ ಮಾಡಕ್ಕಾಗಲ್ಲ. ಶನಿವಾರ ಸೂಜಿ ಬೆಂಚಲ್ಲಿ ಕೂರ್ತಾನೆ." ಸೂಜಿ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡ.

ಉಳಿದದ್ದು ಎರಡು ಪಂದ್ಯ. ಬರುವ ಶನಿವಾರ ಮನೆಯಲ್ಲಿ, ಅದರ ಮುಂದಿನ ಶನಿವಾರ ಹೊರಗೆ. ಈ ಶನಿವಾರದ ಎದುರಾಳಿಗಳದೂ ಐದೇ ಗೆಲುವು. ನಾಲ್ಕನೆಯ ಜಾಗಕ್ಕೆ ಇವೆರಡೇ ತಂಡಗಳ ಪೈಪೋಟಿ. ಮನೆಯಲ್ಲಿ ಅವರನ್ನು ಸೋಲಿಸಿದರೆ ನಾಲ್ಕನೆಯ ಜಾಗ ಕೈಗೆ ಬಂದಂತೆಯೇ.

"ಮನೇಲಿ ತಾನೇ?" ಎಂದಳು ಅಮ್ಮ, ಕಪಾಟಿನ ಬಾಗಿಲ ಮೇಲಿನ ಪಟ್ಟಿಗೆ ಕನ್ನಡಕ ತಾಗುವಷ್ಟು ಹತ್ತಿರ ನಿಂತು. "ಹಾಗಾದ್ರೆ ಆಯ್ತಲ್ಲ. ಮನೇಲಿ ನೀವು ಸೋಲೋದಿಲ್ಲ."

ನವೆಂಬರ್ 1, ಮಂಗಳವಾರ, ಪ್ರಯೋಗಾಲಯದಲ್ಲಿ ಎರಡನೇ ವರ್ಷದವರ ಸರದಿ. ಗೊತ್ತಾದ ಎತ್ತರದಿಂದ ಉಕ್ಕಿನ ಗುಂಡನ್ನು ಬೀಳಿಸಿ, ಬೀಳಲು ಹಿಡಿದ ಸಮಯದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗ. ಸೂಜಿ ರೆಕಾರ್ಡ್ ತಂದು ಮೇಜಿನ ಮೇಲಿಟ್ಟ. ಉತ್ತರ 10.19 ಎಂದಿತ್ತು. 9.8ರ ಆಸುಪಾಸು ಇರಬೇಕಿತ್ತು.

"ಸಮಯ ಸರಿಯಾಗಿದೆ," ಎಂದಳು ಅಕ್ಕ, ಕಾಲಂಗಳ ಮೇಲೆ ಪೆನ್ನು ಓಡಿಸುತ್ತ. "ಎತ್ತರ ಯಾವುದರಲ್ಲಿ ಅಳೆದೆ?"

"ಡ್ರಾಯರಲ್ಲಿದ್ದ ಟೇಪಲ್ಲಿ ಮೇಡಂ."

"ಮೊಂಡ ಟೇಪಾ?"

ಆ ಟೇಪಿಗೆ ಪ್ರಯೋಗಾಲಯದಲ್ಲಿ ಮೊಂಡ ಎಂದೇ ಹೆಸರು. ಎಷ್ಟೋ ವರ್ಷದ ಹಿಂದೆ ಬಾಗಿಲಿಗೆ ಸಿಕ್ಕಿ ಅದರ ತುದಿ ಮುರಿದು, ಮೊದಲ ನಾಲ್ಕು ಸೆಂಟಿಮೀಟರು ಹೋಗಿತ್ತು. ಈಗ ಅದು ನಾಲ್ಕರಿಂದಲೇ ಶುರು. ಉಳಿದದ್ದೆಲ್ಲ ಚೆನ್ನಾಗಿತ್ತೆಂದು ಯಾರೂ ಎಸೆದಿರಲಿಲ್ಲ. ಓದಿದ ಸಂಖ್ಯೆಯಿಂದ ನಾಲ್ಕು ಕಳೆದರೆ ಸರಿಯಾದ ಅಳತೆ. 'ಅಳೆ, ನಾಲ್ಕು ಕಳೆ' ಎಂಬುದು ಅಲ್ಲಿ ಓಡಾಡುವವರಿಗೆಲ್ಲ ರೂಢಿ. ಮೊಂಡ ಮುರಿದಾಗಿನಿಂದ ಅಕ್ಕನ ಕೈಗೆ ಅದು ಉಸಿರಾಟದಷ್ಟು ಸಲೀಸು.

ಅವಳು ಕೆಂಪು ಪೆನ್ನು ತೆಗೆದು ಬರೆದಳು: 'ಶೂನ್ಯ ದೋಷ ಕಳೆದಿಲ್ಲ. −2.'

"ಸಾರಿ ಮೇಡಂ," ಎಂದ ಸೂಜಿ. ರೆಕಾರ್ಡನ್ನು ತೆಗೆದುಕೊಳ್ಳದೆ ಅಲ್ಲೇ ನಿಂತ. "ಮೇಡಂ, ಇನ್ನೊಂದು ವಿಷ್ಯ. ಶನಿವಾರ ಆದ್ಮೇಲೆ ನಾನು ತಂಡ ಬಿಡ್ತೀನಿ. ಕೋಚ್ ಸರ್‌ಗೆ ನೀವೇ ಹೇಳಿಬಿಡಿ. ನನಗೆ ಅವರ ಮುಖ ನೋಡಿ ಹೇಳಕ್ಕಾಗಲ್ಲ."

"ಯಾಕೋ?"

"ನನಗೆ ಹೆದರಿಕೆ ಆಗಲ್ಲ ಮೇಡಂ. ನಿಜವಾಗ್ಲೂ ಆಗಲ್ಲ. ಕೈ ಸರಿಯಾಗೇ ಹೋಗುತ್ತೆ. ಬಿಟ್ಟ ತಕ್ಷಣ ಬಿತ್ತು ಅಂತ್ಲೇ ಅನ್ಸುತ್ತೆ. ಆಮೇಲೆ ನೋಡಿದ್ರೆ ಮುಂದಿನ ಅಂಚಿಗೆ ಬಡಿದು ವಾಪಸ್ ಬರುತ್ತೆ. ಎಲ್ರೂ ಹೆದರಿಕೆ ಅಂತಾರೆ. ಇರಬಹುದು. ನನಗೇ ಗೊತ್ತಾಗ್ದೆ ಇರೋ ಹೆದರಿಕೆ ಇರಬಹುದು."

ಪಕ್ಕದ ಮೇಜು ಒರೆಸುತ್ತಿದ್ದ ಅಟೆಂಡರ್, ಅಕ್ಕನಿಗಿಂತಲೂ ಹಳೆಯ ಆಳು, ಮಧ್ಯೆ ಬಾಯಿ ಹಾಕಿದ. "ಮೇಡಂ, ಆ ಎರಡು ಮಾರ್ಕು ಕೊಟ್ಬಿಡಿ ಪಾಪ. ನಾಲ್ಕು ಕಳೀಬೇಕು ಅಂತ ಟೇಪಿನ ಮೇಲೇನು ಬರ್ದಿದೆಯಾ? ಈ ಬಾಗಿಲಾಚೆ ಹೋದ್ರೆ ಯಾರಿಗೆ ನೆನಪಿರುತ್ತೆ? ಜುಲೈಲಿ ಒಂದು ಶನಿವಾರ ನಾನು ರಜಾ ಇದ್ದೆ, ಹೊಸ ಟೇಪು ಬೀರೂಲಿ ಬೀಗ ಹಾಕಿತ್ತು. ಸೋಮವಾರ ಬಂದು ನೋಡಿದ್ರೆ ಈ ಮೊಂಡನ ತುಂಬ ಅಂಗಳದ ಧೂಳು. ಯಾರು ತಗೊಂಡು ಹೋಗಿದ್ರೋ, ಅವರು ನಾಲ್ಕು ಕಳೆದ್ರೋ ಇಲ್ವೋ..."

ಅಕ್ಕ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

ತೆಗೆದುಕೊಂಡು ಹೋದವಳು ಅವಳೇ.

ಸೂಜಿಯನ್ನು ಕಳಿಸಿ ಅವಳು ಗ್ರಾಫ್ ಪುಸ್ತಕ ಬಿಡಿಸಿದಳು. ಹೊರಗಿನ ಐದು ಪಂದ್ಯಗಳಲ್ಲಿ ನಮ್ಮವರು ತಪ್ಪಿಸಿದ ಫ್ರೀ ಥ್ರೋ ಅರವತ್ತೊಂದು. ಅದರಲ್ಲಿ ನಲವತ್ತೇಳು ನೀಲಿ ಚುಕ್ಕೆಗಳು ಮುಂದಿನ ಅಂಚಿನಲ್ಲಿದ್ದವು. ಚೆಂಡು ಗಿಡ್ಡವಾಗಿತ್ತು. ಇದು ಅವಳಿಗೆ ಮೊದಲೇ ಗೊತ್ತಿತ್ತು. ಹೆದರಿದ ಕೈ ಬಿಗಿಯುತ್ತದೆ, ಬಿಗಿದ ಕೈ ಗಿಡ್ಡ ಎಸೆಯುತ್ತದೆ ಎಂದು ತಮ್ಮನ ಮಾತಿಗೆ ಅದನ್ನೇ ಸಾಕ್ಷಿಯಾಗಿಯೂ ಕೊಟ್ಟಿದ್ದಳು. ಆದರೆ ಇನ್ನೊಂದು ಬಣ್ಣವನ್ನು ಅವಳು ಕೂಡಿ ನೋಡಿರಲೇ ಇಲ್ಲ. ಮನೆಯ ಐದು ಪಂದ್ಯಗಳಲ್ಲಿ ಅತಿಥಿಗಳು ತಪ್ಪಿಸಿದ್ದು ಐವತ್ತೆರಡು. ಮೂವತ್ತಾರು ಕಪ್ಪು ಚುಕ್ಕೆಗಳು ಹಿಂದಿನ ಅಂಚಿನಲ್ಲಿದ್ದವು. ಚೆಂಡು ಉದ್ದವಾಗಿತ್ತು. ಹೆದರಿಕೆಗೆ ಕೈ ಗಿಡ್ಡವಾಗುವುದಾದರೆ, ಪರವೂರಿಗೆ ಬಂದ ಇವರದ್ಯಾಕೆ ಉದ್ದವಾಯಿತು?

ಹಾಳೆಯ ಅಂಚಿನಲ್ಲಿ ಒಂದು ಚಿಕ್ಕ ಚಿತ್ರ ಬರೆದಳು. ಚೆಂಡು ಸುಮಾರು ನಲವತ್ತೈದು ಡಿಗ್ರಿಯಲ್ಲಿ ಇಳಿದು ಬರುತ್ತದೆ. ರಿಂಗು ನಾಲ್ಕು ಸೆಂಟಿಮೀಟರು ಮೇಲಿದ್ದರೆ, ಅದೇ ಚೆಂಡು ನಾಲ್ಕು ಸೆಂಟಿಮೀಟರು ಈಚೆಯೇ ಆ ಮಟ್ಟಕ್ಕೆ ಇಳಿದಿರುತ್ತದೆ. ಇಲ್ಲಿ ನಟ್ಟನಡುವೆ ಬೀಳುವ ಕೈ ಅಲ್ಲಿ ಮುಂದಿನ ಅಂಚಿಗೆ ಹತ್ತಿರವಾಗುತ್ತದೆ. ಎಷ್ಟು ನಿಖರವಾದ ಕೈಯೋ ಅಷ್ಟೇ ನಿಖರವಾಗಿ ಪ್ರತಿ ಸಲವೂ. ಬೆಳಿಗ್ಗೆ ನೂರು, ಸಂಜೆ ನೂರು ಹಾಕಿದ ಹುಡುಗರು ಶ್ರದ್ಧೆಯಿಂದ, ಅಚ್ಚುಕಟ್ಟಾಗಿ, ಅವಳ ತಪ್ಪನ್ನೇ ಕಲಿತಿದ್ದರು.

ಜಿರಾಫೆ ಬೆಳೆದಿರಲಿಲ್ಲ. ದರ್ಜಿ ಸರಿಯಾಗಿ ಅಳೆದಿದ್ದ. ಇಷ್ಟು ಜನರಲ್ಲಿ ಸರಿಯಾಗಿ ಅಳೆದವನು ಅವನೊಬ್ಬನೇ.

ಸಂಜೆ ಐದೂವರೆಗೆ ಅಭ್ಯಾಸ ಮುಗಿದು ಹುಡುಗರು ಹೋದ ಮೇಲೆ ಅಕ್ಕ ಹೊಸ ಟೇಪು ಹಿಡಿದು ಅಂಗಳಕ್ಕೆ ಬಂದಳು. ಏಣಿ ತಾನೇ ಎಳೆದು ತಂದು, ಟೇಪಿನ ತುದಿಯ ಮೇಲೆ ಒಂದು ಇಟ್ಟಿಗೆ ಹೇರಿ, ಹತ್ತಿ ಓದಿದಳು. ಮುನ್ನೂರ ಒಂದು. ಆಚೆಯ ರಿಂಗೂ ಮುನ್ನೂರ ಒಂದು. ಇಳಿದು ಮತ್ತೆ ಹತ್ತಿದಳು. ಸಂಖ್ಯೆ ಕರಗಲಿಲ್ಲ.

ಚೆಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಬಂದ ತಮ್ಮ ಏಣಿಯ ಕೆಳಗೆ ನಿಂತ. "ಏನಕ್ಕ, ಈ ಹೊತ್ತಲ್ಲಿ ಮೇಲೇರಿದ್ದೀಯ?"

"ಇಳೀತೀನಿ ಇರು. ಇಳಿದ ಮೇಲೆ ಹೇಳ್ತೀನಿ. ಬಿದ್ದರೆ ಹೇಳೋರಿರಲ್ಲ."

ಇಳಿದು ಹೇಳಿದಳು. ಮೊಂಡ ಟೇಪು, ಬೀರುವಿನ ಬೀಗ, ಫಿಟ್ಟರ್ ತೋರಿಸಿದ ಹಳೆಯ ಗುರುತು, ನೀಲಿ ಚುಕ್ಕೆ, ಕಪ್ಪು ಚುಕ್ಕೆ, ಒಂದನ್ನೂ ಬಿಡಲಿಲ್ಲ. ತಮ್ಮ ಚೆಂಡಿನ ಚೀಲದ ಮೇಲೆಯೇ ಕೂತುಬಿಟ್ಟ.

"ನೀನು?" ಎಂದ. "ನೀನು ಮರೆತ್ಯಾ?"

"ನಾನೇ."

"ಹದಿನೆಂಟು ವರ್ಷದಿಂದ ಅದನ್ನೇ ಊದ್ತಾ ಬಂದೋಳು."

"ಹೂಂ ಕಣೋ. ಊದಿದ್ದು ನಾನೇ, ಮರೆತದ್ದೂ ನಾನೇ."

ಅವನಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಆಮೇಲೆ ದನಿ ತಗ್ಗಿಸಿದ. "ಯಾರಿಗೆ ಹೇಳಿದ್ದೀಯ?"

"ನಿನಗೆ."

"ಅಕ್ಕ, ಶನಿವಾರ ಒಂದು ಪಂದ್ಯ. ಒಂದೇ ಒಂದು. ಇಬ್ರೂ ಅದೇ ರಿಂಗಿಗೆ ಹಾಕೋದು ತಾನೇ? ಭಾನುವಾರ ಬೆಳಿಗ್ಗೆ ಎತ್ತಿಬಿಡೋಣ. ಯಾರಿಗೇನು ನಷ್ಟ?"

ಅವಳು ಟೇಪು ಸುತ್ತತೊಡಗಿದಳು. ಈ ಯೋಚನೆ ಅವಳಿಗೂ ಬಂದಿತ್ತು, ಮೂರು ಗಂಟೆಯಿಂದ ಐದೂವರೆಯವರೆಗೆ ಅವಳ ಜೊತೆಯೇ ಕೂತಿತ್ತು. ಶನಿವಾರ ಗೆದ್ದರೆ ನಾಲ್ಕನೆಯ ಜಾಗ, ತಮ್ಮನ ಕೆಲಸ ಕಾಯಂ, ಅಮ್ಮ ಆ ಪಟ್ಟಿಯನ್ನು ಕಪಾಟಿನಿಂದ ಕಿತ್ತು ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಬಾಯಿಗೆ ಬೀಗ ಹಾಕಿಕೊಂಡರೆ ಆಯಿತು. ನಾಲ್ಕೇ ದಿನ.

"ಅಥವಾ ಫಿಟ್ಟರ್ ಬೋಲ್ಟು ಸಡಿಲ ಆಗಿ ಜಾರಿತು ಅಂತ..." ಎಂದು ಶುರು ಮಾಡಿದವನು ಅವಳ ಕಣ್ಣು ನೋಡಿ ಅಲ್ಲಿಗೇ ನಿಲ್ಲಿಸಿದ.

"ಫಿಟ್ಟರ್ ಒಬ್ಬನೇ ಅವತ್ತು ಸರಿಯಾಗಿ ಹೇಳಿದ್ದು," ಎಂದಳು. "ನೋಡು, ಅಳೆದದ್ದು ನಾನು, ತಪ್ಪಿದ್ದು ನಾನು, ಸಹಿ ನನ್ನದು. ಅದನ್ನ ನಾನು ಸಮಿತಿಗೆ ಹೇಳಲೇಬೇಕು. ಇವತ್ತು ಹೇಳ್ಲಾ, ಭಾನುವಾರ ಹೇಳ್ಲಾ ಅಂತ ನಿನ್ನ ಕೇಳೋಕೆ ಬಂದೆ ಅಂತಿಟ್ಕೋ. ಕೆಲಸ ನಿಂದು. ಅದನ್ನ ನಾನು ನನ್ನ ಸಮಾಧಾನಕ್ಕೋಸ್ಕರ ಬಲಿ ಕೊಡಕ್ಕಾಗಲ್ಲ."

ತಮ್ಮ ಎದ್ದ. ಒಂದು ಚೆಂಡು ತೆಗೆದುಕೊಂಡು ಗೆರೆಯ ಹಿಂದೆ ನಿಂತು ಎಸೆದ. ಬಿತ್ತು. ಇನ್ನೊಂದು ಎಸೆದ. ಅದೂ ಬಿತ್ತು. ಮೂರನೆಯದನ್ನು ಎಸೆಯದೆ ಕೈಯಲ್ಲೇ ಹಿಡಿದುಕೊಂಡ.

"ಹಾಗಾದ್ರೆ ಹುಡುಗರು ಹೆದರಿರಲಿಲ್ಲ," ಎಂದ.

"ಇಲ್ಲ."

"ಪುಕ್ಕಲರು ಅಂದೆ ನಾನು. ಬಸ್ಸಲ್ಲಿ. ಎಲ್ಲರೆದುರಿಗೆ."

"ಅಂದೆ."

"ಸೂಜಿ ಏನೂ ಮಾತಾಡ್ಲಿಲ್ಲ."

"ತಂಡ ಬಿಡ್ತಾನಂತೆ. ತನಗೇ ಗೊತ್ತಾಗ್ದೆ ಇರೋ ಹೆದರಿಕೆ ತನ್ನೊಳಗೆ ಇರಬಹುದು ಅಂತ ನಂಬ್ಕೊಂಡು ಕೂತಿದ್ದಾನೆ."

ತಮ್ಮ ಚೆಂಡನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಎರಡು ಗಂಟು ಹಾಕಿದ, ಅಷ್ಟು ಬೇಕಿರಲಿಲ್ಲ. "ನಾಲ್ಕು ದಿನ ಅದನ್ನೇ ನಂಬ್ಕೊಂಡಿರು ಅಂತ ಬಿಡಕ್ಕಾಗುತ್ತಾ ಅವನನ್ನ? ನಡಿ, ಫಿಟ್ಟರ್ ಮನೆ ದಾರೀಲೇ ಇದೆ. ನಾಳೆ ಬೆಳಿಗ್ಗೆ ಆರಕ್ಕೆ ಬರಕ್ಕೆ ಹೇಳೋಣ." ಎರಡು ಹೆಜ್ಜೆ ಹೋಗಿ ತಿರುಗಿದ. "ಅಮ್ಮನಿಗೆ ಮಾತ್ರ ನೀನೇ ಹೇಳಬೇಕು. ಅಷ್ಟು ದಮ್ಮು ನನಗಿಲ್ಲ."

ಬುಧವಾರ ಬೆಳಿಗ್ಗೆ ಫಿಟ್ಟರ್ ಬಂದ. ನಡೆದದ್ದನ್ನು ಕೇಳಿಸಿಕೊಂಡ. ಏಣಿ ಹತ್ತಿ, ತಾನೇ ಬಳಿದಿದ್ದ ಬಣ್ಣವನ್ನು ಉಗುರಿನಿಂದ ಕೆರೆದ. ಕೆಳಗಿನಿಂದ ಹಳೆಯ ಗುರುತು ಇಣುಕಿತು. ರಿಂಗು ಎತ್ತಿ ಅಳೆದಾಗ ಕೂತದ್ದು ಸರಿಯಾಗಿ ಅದರ ಮೇಲೆಯೇ.

"ಯಾವ ಕಾಲದ್ದೋ ಅಂದಿದ್ರಿ ಮೇಡಂ," ಎಂದ ಕೆಳಗೆ ನೋಡಿ. "ನಮ್ಮಪ್ಪನ ಕಾಲದ್ದು. ಅವರೂ ಇಲ್ಲೇ ಫಿಟ್ಟರ್ ಆಗಿದ್ರು."

ಅಕ್ಕ ತಲೆ ಎತ್ತಿ ಆ ಗುರುತನ್ನು ನೋಡಿದಳು. "ಅವರ ಟೇಪು ಚೆನ್ನಾಗಿತ್ತು," ಎಂದಳು. ಫಿಟ್ಟರ್‌ಗೆ ಅದು ಸಾಕಾಯಿತು.

ಅಭ್ಯಾಸಕ್ಕೆ ಬಂದ ಹುಡುಗರನ್ನು ತಮ್ಮ ನೆಲದ ಮೇಲೆ ಕೂರಿಸಿ, ತಾನು ನಿಂತುಕೊಂಡು, ನಡೆದದ್ದನ್ನು ಹೇಳಿದ. ಕೊನೆಗೆ, "ಪುಕ್ಕಲರು ಅಂದದ್ದನ್ನ ವಾಪಸ್ ತಗೋತೀನಿ. ನೀವು ನಾನು ಹೇಳಿಕೊಟ್ಟ ಹಾಗೇ ಆಡಿದ್ರಿ. ಸೂಜಿ, ಶನಿವಾರ ನೀನೇ ಮೊದಲ ಐವರಲ್ಲಿ," ಎಂದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಬಾಯಿ ಬಿಟ್ಟವನು ಜಿರಾಫೆ.

"ಹಾಗಾದ್ರೆ ನಾನು ಬೆಳೆದಿಲ್ವಾ ಸರ್?"

ಅಂಗಳವೆಲ್ಲ ನಗು. ಸೂಜಿ ಮಾತ್ರ ಎದ್ದು ಅಕ್ಕನ ಬಳಿ ಬಂದು, "ಮೇಡಂ, ನಿಮ್ಮ ಗ್ರಾಫ್ ಪುಸ್ತಕ ಒಂದ್ನಿಮಿಷ ಕೊಡ್ತೀರಾ? ಆ ಕೆಂಪು ಪೆನ್ನೂ," ಎಂದ. ಕೊಟ್ಟಳು. ಮೊದಲ ಪುಟದಲ್ಲಿ ಏನೋ ಬರೆದು, ಮುಚ್ಚಿ, ಎರಡೂ ಕೈಯಿಂದ ಹಿಂದಿರುಗಿಸಿದ. ಅವನು ಹೋದ ಮೇಲೆ ತೆರೆದು ನೋಡಿದಳು. 'ಶೂನ್ಯ ದೋಷ ಕಳೆದಿಲ್ಲ. −2.'

ಲೀಗ್ ಸಮಿತಿಯ ಕಾರ್ಯದರ್ಶಿ ವೃತ್ತಿಯಲ್ಲಿ ದಂತವೈದ್ಯ. ಅಕ್ಕ, ತಮ್ಮ ಇಬ್ಬರೂ ಅವನ ಕ್ಲಿನಿಕ್ಕಿಗೇ ಹೋದರು. ಅವನು ಒಬ್ಬ ರೋಗಿಯ ಬಾಯಿ ತೆರೆಸಿ ಕೂರಿಸಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡ.

"ಫಿಸಿಕ್ಸ್ ಮೇಡಂ ಸಹಿ ಅಂತ ಆ ಒಂದು ಫಾರಂ ಮಾತ್ರ ನಾನು ಪರೀಕ್ಷೆ ಮಾಡ್ಲಿಲ್ಲ," ಎಂದ. "ಮಿಕ್ಕ ಆರು ಕಾಲೇಜಿಗೂ ಹೋಗಿ ಅಳೆದು ಬಂದೆ. ನಿಮ್ಮ ಸಹಿ ನೋಡಿದ್ಮೇಲೆ ಹೋಗೋದು ಮರ್ಯಾದೆ ಅಲ್ಲ ಅನ್ನಿಸ್ತು."

"ಬಂದಿದ್ರೆ ಚೆನ್ನಾಗಿತ್ತು," ಎಂದಳು ಅಕ್ಕ.

ಎರಡೂ ತಂಡ ಅದೇ ರಿಂಗಿಗೆ ಆಡಿದ್ದರಿಂದ ಆದ ಪಂದ್ಯಗಳ ಫಲಿತಾಂಶ ಹಾಗೆಯೇ ಉಳಿಯುತ್ತದೆ, ಎಲ್ಲ ಕಾಲೇಜುಗಳಿಗೂ ವಿಷಯ ತಿಳಿಸಲಾಗುತ್ತದೆ, ಮುಂದೆ ಯಾರದೇ ಸಹಿಯಿದ್ದರೂ ಸಮಿತಿಯೇ ಬಂದು ಅಳೆಯುತ್ತದೆ ಎಂದು ಅವನು ತೀರ್ಮಾನ ಬರೆದ. ಕುರ್ಚಿಯಲ್ಲಿದ್ದ ರೋಗಿ ತೆರೆದ ಬಾಯಲ್ಲೇ ಹೌದೆಂಬಂತೆ ಗೋಣು ಹಾಕಿದ.

ನಾಲ್ಕು ತಿಂಗಳು ಕಲಿತದ್ದನ್ನು ಮೂರು ದಿನದಲ್ಲಿ ಮರೆಯಲು ಯಾವ ಕೈಗೂ ಆಗುವುದಿಲ್ಲ. ಶನಿವಾರ ಹುಡುಗರು ಮನೆಯ ಅಂಗಳದಲ್ಲೇ ಪರವೂರಿನವರಂತೆ ಆಡಿದರು. ಕೆಲವು ಚೆಂಡು ಹಳೆಯ ಅಭ್ಯಾಸಕ್ಕೆ ಗಿಡ್ಡ, ಕೆಲವು ಹೊಸ ಎಚ್ಚರಿಕೆಗೆ ಉದ್ದ. ಅಕ್ಕ ಚುಕ್ಕೆ ಹಾಕುತ್ತ ಹೋದಳು. ವೃತ್ತದ ಸುತ್ತ ನೀಲಿ ಎಲ್ಲ ಕಡೆಗೂ ಸಮನಾಗಿ ಚೆದುರಿತ್ತು. ಮೂರು ಅಂಕಗಳಿಂದ ಸೋತರು. ಅಮ್ಮ ಆವತ್ತು ಮೊದಲ ಸಲ ಪಂದ್ಯ ನೋಡಲು ಬಂದಿದ್ದಳು. ವಾಪಸು ಹೋಗುವಾಗ, "ಸೋತರೂ ಮುಖ ಸಪ್ಪಗಿಲ್ಲವಲ್ಲ ಈ ಹುಡುಗರದ್ದು?" ಎಂದಳು. ಅಕ್ಕ ಮೊದಲೇ ಎಲ್ಲ ಹೇಳಿದ್ದಳು. ಅಮ್ಮ ಅದನ್ನು ಕೇಳಿ ಒಂದಿಡೀ ಸಂಜೆ ಮಾತು ಬಿಟ್ಟು, ಮಾರನೆಯ ದಿನ ಮಾತಾಡಿದ್ದಳು.

ಅದರ ಮುಂದಿನ ಶನಿವಾರ, ಹೊರಗಿನ ಕೊನೆಯ ಪಂದ್ಯ. ಬಸ್ಸಿನಿಂದ ಇಳಿಯುವಾಗ ಯಾರೋ ಮಿಯಾವ್ ಎಂದರು. ಜಿರಾಫೆ ಅತ್ತ ತಿರುಗಿ, ಅವರಿಗಿಂತ ಚೆನ್ನಾಗಿ ಮಿಯಾವ್ ಎಂದ. ಸೂಜಿ ಹತ್ತು ಫ್ರೀ ಥ್ರೋಗಳಲ್ಲಿ ಎಂಟು ಹಾಕಿದ. ತಂಡ ಒಂಬತ್ತು ಅಂಕಗಳಿಂದ ಗೆದ್ದಿತು. ಬಸ್ಸಿನಲ್ಲಿ ತಮ್ಮ ಏನೂ ಭಾಷಣ ಮಾಡಲಿಲ್ಲ. ಸೂಜಿಯ ಪಕ್ಕದಲ್ಲಿ ಹೋಗಿ ಕೂತ, ಅಷ್ಟೇ. ಇಬ್ಬರೂ ದಾರಿಯುದ್ದಕ್ಕೂ ಒಂದೇ ಪೊಟ್ಟಣದ ಬಿಸ್ಕತ್ತು ತಿಂದರು.

ಆರು ಗೆಲುವಿನ ತಂಡಗಳು ಎರಡಾದವು. ಪರಸ್ಪರ ಆಡಿದ ಎರಡೂ ಪಂದ್ಯಗಳಲ್ಲಿ ಗೆದ್ದವರಿಗೆ ನಾಲ್ಕನೆಯ ಜಾಗ ಹೋಯಿತು. ಇವರಿಗೆ ಐದು.

ಪ್ರಿನ್ಸಿಪಾಲರು ಅಕ್ಕತಮ್ಮ ಇಬ್ಬರನ್ನೂ ಕರೆಸಿದರು. ಕಿಟಕಿಯಲ್ಲಿದ್ದ ಕುಂಡಕ್ಕೆ ನೀರು ಹಾಕುತ್ತಲೇ ಮಾತಾಡಿದರು. "ನಾಲ್ಕು ಅಂದಿದ್ದೆ, ಐದು ಬಂದಿದೆ. ಹಾಗಾಗಿ ಕಾಯಂ ಮಾಡೋ ಹಾಗಿಲ್ಲ. ಕೊಟ್ಟ ಮಾತು ಎರಡು ಕಡೆಗೂ ಮಾತೇ. ಆದ್ರೆ ನೆಟ್ಟ ಗಿಡ ಬೇರು ಬಿಟ್ಟಿದೆಯಾ ಅಂತ ಕಿತ್ತು ನೋಡೋ ಅಭ್ಯಾಸ ನನಗಿಲ್ಲ. ಇನ್ನೊಂದು ವರ್ಷ ನೋಡೋಣ." ಅಕ್ಕನ ಕಡೆ ತಿರುಗಿದರು. "ಮೇಡಂ, ನಿಮ್ಮ ಲ್ಯಾಬಿಗೆ ಹೊಸ ಟೇಪು ಎಷ್ಟು ಬೇಕು? ಕೇಳಿ, ಸಂಕೋಚ ಬೇಡ."

ಅಟೆಂಡರ್ ಮೊಂಡನನ್ನು ಎಸೆಯಲಿಲ್ಲ. ಪ್ರಯೋಗಾಲಯದ ಬಾಗಿಲ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿ, ಕೆಳಗೆ ರಟ್ಟಿನ ಚೂರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದ: 'ನಾಲ್ಕು ಕಳೆ. ಹೊರಗೂ.'

ಮರುವರ್ಷ ಜುಲೈ 8, ಶನಿವಾರ ಬೆಳಿಗ್ಗೆ ಅಕ್ಕ ಮತ್ತೆ ಏಣಿ ಹತ್ತಿದಳು. ಹಲಗೆಯ ಹಿಂದೆ ಫಿಟ್ಟರ್. ಪಕ್ಕದಲ್ಲಿ ಕೈಚೀಲದಲ್ಲಿ ತನ್ನದೇ ಟೇಪು ತಂದಿದ್ದ ದಂತವೈದ್ಯ. ಕೆಳಗೆ ಸೂಜಿ, ಈಗ ತಂಡದ ನಾಯಕ, ಮಂಡಿಯೂರಿ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ತಮ್ಮ ಪುಸ್ತಕ ಬಿಡಿಸಿಕೊಂಡು ಬರೆಯಲು ನಿಂತಿದ್ದ.

"ಮೇಡಂ, ಎಷ್ಟು ಕಳೀಬೇಕು?" ಎಂದು ಸೂಜಿ ಕೆಳಗಿನಿಂದ ಕೂಗಿದ.

"ಮೊದಲು ತುದಿ ನೋಡಿ ಹೇಳು. ಸೊನ್ನೆ ಎಲ್ಲಿದೆ?"

"ಸೊನ್ನೇಲೇ ಇದೆ ಮೇಡಂ."

"ಹಾಗಾದ್ರೆ ಏನೂ ಕಳೀಬೇಡ."

ರಿಂಗಿನ ಮುಂದೆ, ಎಡಕ್ಕೆ, ಬಲಕ್ಕೆ, ಹಿಂದೆ, ನಾಲ್ಕು ಕಡೆ ಅಳೆದಳು. ಪ್ರತಿ ಸಲವೂ ತಾನು ಓದಿದ ಸಂಖ್ಯೆಯನ್ನು ಫಿಟ್ಟರ್‌ಗೂ ಓದಲು ಹೇಳಿದಳು. ತಮ್ಮ ನಾಲ್ಕನ್ನೂ ಬರೆದು ಕೂಡಿ, ಭಾಗಿಸಿ, ಕೆಳಗೆ ಗೆರೆ ಎಳೆದ. ಸರಾಸರಿ 304.9 ಸೆಂ.ಮೀ., ಆ ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ನಿಯಮದ ಒಪ್ಪಿಗೆಯಿತ್ತು.